ಯಂತ್ರ ನಮ್ಮದು, ಬೀಗದ ಕೈ ಯಾರದು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದು ನಮ್ಮ ಪೇಟೆಯ ಯಾವ ಅಂಗಡಿಯ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಮರುದಿನವೂ ಬಿಲ್ಲು ಬರೆಯಿತು, ಲೆಕ್ಕ ಕೂಡಿಸಿತು. ಆದರೆ ಹೊಸದಾಗಿ ಕಂಡುಬರುವ ಭದ್ರತಾ ದೋಷಗಳಿಗೆ ತೇಪೆ ಹಾಕುವ ಕೆಲಸ ನಿಂತುಹೋಯಿತು. ಮುಂದೆಯೂ ಆ ಸೇವೆ ಬೇಕೆಂದವರು ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು, ಅದೂ ಶಾಶ್ವತವಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು, ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಹತ್ತು ವರ್ಷ ದುಡಿದ ಯಂತ್ರಗಳು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನಪಾಸು.

ಮಿಲ್ಲಿನ ಯಂತ್ರ ಹಳತಾದರೆ ಫಿಟ್ಟರ್ ಅದನ್ನು ಬಿಚ್ಚುತ್ತಾನೆ, ಸವೆದ ಬೇರಿಂಗ್ ಬದಲಿಸುತ್ತಾನೆ, ಎಣ್ಣೆ ಬಿಟ್ಟು ಮತ್ತೆ ಓಡಿಸುತ್ತಾನೆ. ಯಂತ್ರ ಮಾಡಿದವನ ಅಪ್ಪಣೆಗೆ ಕಾಯುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಕೊಂಡ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ, ಅದು ದುಡಿಯಲು ಯೋಗ್ಯವೋ ಅಲ್ಲವೋ ಎಂಬುದನ್ನು ಸಮುದ್ರದಾಚೆಯ ಕಂಪನಿ ತೀರ್ಮಾನಿಸುತ್ತದೆ. ಇದನ್ನು ನಾವು ಒಪ್ಪಬೇಕಾಗಿಲ್ಲ.

ಯಂತ್ರಕ್ಕೂ ನಮಗೂ ನಡುವೆ ನಿಂತು ಕೆಲಸ ಮಾಡಿಸುವ ಮೇಸ್ತ್ರಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ವಿಂಡೋಸ್ ಅಂಥ ಒಬ್ಬ ಮೇಸ್ತ್ರಿ. ಅವನ ಒಳಗುಟ್ಟು ಕಂಪನಿಯ ಪೆಟ್ಟಿಗೆಯಲ್ಲಿದೆ. ಇನ್ನೊಂದು ಬಗೆಯೂ ಉಂಟು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನು ಎಂಬ ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ಬೇಕಾದ ಕೆಲಸಕ್ಕೆ ಬಳಸಲು, ಅದರ ಒಳಗನ್ನು ಓದಿ ತಿಳಿಯಲು, ತಿದ್ದಲು, ನೆರೆಯವರಿಗೆ ಹಂಚಲು ಎಲ್ಲರಿಗೂ ಹಕ್ಕಿರಬೇಕು ಎಂಬುದು ಅವರ ವಾದ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು ಲೋಕದ ಮುಂದಿಟ್ಟರು. ಎರಡೂ ಕೂಡಿ ಬೆಳೆದವು. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು ಆ ಬೆಳೆಯ ಫಸಲು. ಇದು ಪಂಡಿತರ ಆಟಿಕೆ ಎಂದು ಹೆದರುವವರು ತಮ್ಮ ಜೇಬಿನ ಫೋನನ್ನು ನೋಡಲಿ: ಅದು ಆಂಡ್ರಾಯ್ಡ್ ಆಗಿದ್ದರೆ ಅದರ ತಿರುಳೂ ಲಿನಕ್ಸೇ.

ಲಿನಕ್ಸ್ ಮಿಂಟ್‌ಗೆ 2 ಜಿಬಿ ಮೆಮೊರಿ ಸಾಕು, 4 ಜಿಬಿ ಇದ್ದರೆ ಸರಾಗ. ಡಿಸ್ಕಿನಲ್ಲಿ 20 ಜಿಬಿ ಜಾಗವಾದರೂ ಬೇಕು. ಬೆಲೆ ಏನೂ ಇಲ್ಲ. ಪತ್ರ ಬರೆಯಲು, ಪಟ್ಟಿ ಮಾಡಲು ಲಿಬ್ರೆಆಫೀಸ್, ಅಂತರಜಾಲಕ್ಕೆ ಫೈರ್‌ಫಾಕ್ಸ್ ಜೊತೆಯಲ್ಲೇ ಬರುತ್ತವೆ. ಕನ್ನಡವನ್ನು ಓದಬಹುದು, ಬರೆಯಬಹುದು. ಎಲ್ಲಕ್ಕಿಂತ ಹೆಚ್ಚಿನ ಅನುಕೂಲವೆಂದರೆ, ಪೆನ್ ಡ್ರೈವ್‌ನಿಂದಲೇ ಅದನ್ನು ಓಡಿಸಿ ನೋಡಬಹುದು. ಡಿಸ್ಕಿನ ಒಂದಕ್ಷರವೂ ಅಳಿಯುವುದಿಲ್ಲ. ಪ್ರಿಂಟರ್ ಕೆಲಸ ಮಾಡುತ್ತದೆಯೇ, ಧ್ವನಿ ಬರುತ್ತದೆಯೇ ಎಂದು ಪರೀಕ್ಷಿಸಿ, ಮನಸ್ಸಿಗೆ ಬಾರದಿದ್ದರೆ ಕಿತ್ತು ಜೇಬಿಗೆ ಹಾಕಿಕೊಂಡರಾಯಿತು.

ತೊಡಕುಗಳನ್ನು ಬಚ್ಚಿಟ್ಟು ಹೊಗಳುವುದು ನಮ್ಮ ಕೆಲಸವಲ್ಲ. ವರ್ತಕ ಬಂಧುಗಳು ನಂಬಿರುವ ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಲಿನಕ್ಸಿನಲ್ಲಿ ಅದು ನೇರವಾಗಿ ನಡೆಯದು. ನುಡಿಯ ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಆದ್ದರಿಂದ ಲೆಕ್ಕಪತ್ರದ ಯಂತ್ರವನ್ನು ಆತುರದಲ್ಲಿ ಅಳಿಸಬೇಡಿ. ಮನೆಯಲ್ಲಿ ಮಕ್ಕಳು ಓದುವ, ಕಾಗದ ಬರೆಯುವ ಯಂತ್ರದಿಂದ ಮೊದಲು ಮಾಡಿ. ಎರಡು ವ್ಯವಸ್ಥೆಗಳನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಲೂ ಬರುತ್ತದೆ. ಆದರೆ ಮೊದಲು ಕಡತಗಳ ಪ್ರತಿ ತೆಗೆದಿಡಿ.

ಕೆಲವರು ಹೇಳುತ್ತಾರೆ: ವಿಂಡೋಸಿನ ಕಳ್ಳಪ್ರತಿ ಇನ್ನೂರು ರೂಪಾಯಿಗೆ ಹಾಕಿಕೊಡುತ್ತಾರಲ್ಲ, ಈ ಗೋಜೇಕೆ? ಕಳ್ಳಪ್ರತಿಯು ಕಂಪನಿಯ ವಿರುದ್ಧ ಹೋರಾಟವಲ್ಲ, ಸ್ವಾಮಿ. ಅದರಿಂದ ಕಂಪನಿಯ ಅಭ್ಯಾಸ ನಮ್ಮ ಕೈಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಜೊತೆಗೆ ಯಾರೋ ಬಿಚ್ಚಿ ಕಟ್ಟಿದ ಗಂಟಿನಲ್ಲಿ ಏನು ಸೇರಿದೆಯೆಂದು ಹೇಳುವವರಿಲ್ಲ. ಹಂಚಿಕೊಳ್ಳಲೆಂದೇ ಮಾಡಿದ ಸರಕು ಎದುರಿಗಿರುವಾಗ ಕದಿಯುವ ಹೀನಾಯವೇಕೆ?

ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹಳ ಹಿಂದೆಯೇ ಈ ದಾರಿ ಹಿಡಿದಿವೆ. ಅಲ್ಲಿನ ಕೈಟ್ ಎಂಬ ಸರ್ಕಾರಿ ಸಂಸ್ಥೆಯು ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ವ್ಯವಸ್ಥೆಯನ್ನು ಸಿದ್ಧಪಡಿಸಿದೆ. ಶಾಲೆಯಲ್ಲಿ ಕಲಿತದ್ದನ್ನು ಮಗು ಮನೆಯ ಯಂತ್ರದಲ್ಲೂ ಕಾನೂನುಬದ್ಧವಾಗಿ ಹಾಕಿಕೊಳ್ಳಬಹುದು. ಕೂಲಿಯವನ ಮಗಳಿಗೂ ಧಣಿಯ ಮಗನಿಗೂ ಅಲ್ಲಿ ಒಂದೇ ಸಲಕರಣೆ. ನಮ್ಮ ಶಾಲೆಗಳಲ್ಲಿ ಯಾವುದನ್ನು ಕಲಿಸುತ್ತಿದ್ದಾರೆಂದು ಪಾಲಕರು ಮುಂದಿನ ಸಭೆಯಲ್ಲಿ ಕೇಳಲಿ. ಮೂಲೆಗೆ ತಳ್ಳಿದ ಹಳೆಯ ಕಂಪ್ಯೂಟರನ್ನು ಗುಜರಿಯವನ ತಕ್ಕಡಿಗೆ ಏರಿಸುವ ಮುನ್ನ, ಒಂದು ಭಾನುವಾರ ಆ ಪೆನ್ ಡ್ರೈವ್ ಚುಚ್ಚಿ ನೋಡಲಿ.