ಕಾಲ್ಬೆರಳ ಸಂದಿಯ ಒಂದು ಬಿರುಕು

ಕಳಸ, ಮೂಡಿಗೆರೆ ಕಡೆಯ ಸಹೋದರಿಯರಿಗೆ ಮಳೆಗಾಲವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕಾಫಿ ತೋಟದಲ್ಲಿ ಗೊಬ್ಬರ ಹಾಕುವವರು, ಕಳೆ ತೆಗೆಯುವವರು ದಿನವಿಡೀ ಒದ್ದೆ ಕಾಲಲ್ಲೇ ಇರುತ್ತಾರೆ. ಮನೆಯಲ್ಲಿರುವವರಿಗೂ ಬಚ್ಚಲು, ಅಂಗಳ, ಕೊಟ್ಟಿಗೆ ಎಂದು ಕಾಲು ಒಣಗಲು ಪುರುಸೊತ್ತಿಲ್ಲ. ಕೆಲವೇ ದಿನಗಳಲ್ಲಿ ಬೆರಳ ಸಂದಿ ಬಿಳುಚಿ, ಬಿರಿದು, ತುರಿಸತೊಡಗುತ್ತದೆ. ಕೆಸರು ಹುಣ್ಣು ತಾನೇ, ಮಳೆ ಹೋದರೆ ಅದೂ ಹೋಗುತ್ತದೆ ಎಂದು ಸುಮ್ಮನಾಗುತ್ತೇವೆ.

ಈ ಸಣ್ಣ ಬಿರುಕನ್ನು ಸಣ್ಣದೆಂದು ಬಿಡದೆ ಸಂಶೋಧನೆ ಮಾಡಿದ ಚರ್ಮವೈದ್ಯರೊಬ್ಬರ ವಿಷಯ ನಿಮಗೆ ತಿಳಿದಿರಲಿ. ಅವರು ಘಟ್ಟದ ಕೆಳಗೆ, ಕಾಸರಗೋಡಿನ ಡಾ. ಎಸ್. ಆರ್. ನರಹರಿ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯ ಮೂಲಕ ಅವರು ಕೈಗೆತ್ತಿಕೊಂಡದ್ದು ಆನೆಕಾಲು ರೋಗವನ್ನು.

ಆನೆಕಾಲು ರೋಗದ ಹುಳು ಸೊಳ್ಳೆಯಿಂದ ಬರುತ್ತದೆ. ಅದು ದೇಹದ ದುಗ್ಧರಸ ನಾಳಗಳನ್ನು ಕೆಡಿಸುತ್ತದೆ. ಕಾಲಿನಲ್ಲಿ ನೀರು ನಿಲ್ಲುತ್ತದೆ. ಹುಳುವಿಗೆ ಮಾತ್ರೆ ಇದೆ. ಆದರೆ ಊದಿದ ಕಾಲು ಮಾತ್ರೆಯೊಂದರಿಂದಲೇ ಮೊದಲಿನಂತಾಗುವುದಿಲ್ಲ. ಬೆರಳ ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಒಳನುಗ್ಗುತ್ತದೆ, ಚಳಿಜ್ವರ ಬರುತ್ತದೆ, ಪ್ರತಿ ಸಲವೂ ಊತ ಇನ್ನಷ್ಟು ಹೆಚ್ಚುತ್ತದೆ. ಘಟ್ಟದ ಮೇಲಿನವರಿಗೂ ಇದು ಮುಖ್ಯ. ಏಕೆಂದರೆ ಹುಳು ಇಲ್ಲದಿದ್ದರೂ, ಇಂತಹ ಸೋಂಕು ಮತ್ತೆ ಮತ್ತೆ ಬಂದರೆ ಅದೇ ನಾಳಗಳು ಕೆಡುತ್ತವೆ.

ನರಹರಿಯವರು ಇದಕ್ಕೆ ಒಬ್ಬರೇ ಪರಿಹಾರ ಹುಡುಕಲಿಲ್ಲ. ಆಯುರ್ವೇದ ವೈದ್ಯರನ್ನು, ಯೋಗ ಬಲ್ಲವರನ್ನು ಜೊತೆಗೆ ಸೇರಿಸಿಕೊಂಡರು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಚರ್ಮರೋಗ ಪ್ರಾಧ್ಯಾಪಕ ಟೆರೆನ್ಸ್ ರಯಾನ್ ಅವರ ಸಂಶೋಧನಾ ಸಂಗಾತಿಯಾದರು. ಗ್ರಾಮೀಣ ರೋಗಿಗಳಿಗೆ ಒಗ್ಗುವ ಚಿಕಿತ್ಸೆಯ ಕುರಿತ ಇವರ ಲೇಖನ 2007ರಲ್ಲಿ ‘ಲಿಂಫಾಲಜಿ’ ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. 2013ರಲ್ಲಿ ಅಲಪ್ಪುಝ ಮತ್ತು ಗುಲ್ಬರ್ಗ ಜಿಲ್ಲೆಗಳ ರೋಗಿಗಳಿಗೆ ಚಿಕಿತ್ಸೆ ನೀಡಿದ ಫಲಿತಾಂಶ ಪ್ರಕಟವಾಯಿತು. ಊತ ಇಳಿದಿತ್ತು, ಜ್ವರದ ಬಾಧೆ ಕಡಿಮೆಯಾಗಿತ್ತು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದ ಅಧ್ಯಯನ ಅದಾಗಿರಲಿಲ್ಲ. ಈ ಮಿತಿಯನ್ನು ಲೇಖನದ ಶೀರ್ಷಿಕೆಯೇ ಹೇಳುತ್ತದೆ.

ಚಿಕಿತ್ಸೆ ಏನೆಂದು ಕೇಳಿದರೆ ನಿಮಗೆ ಅಚ್ಚರಿಯಾದೀತು. ಸೋಪಿನಿಂದ ಕಾಲು ತೊಳೆದು ಚೆನ್ನಾಗಿ ಒರೆಸುವುದು, ಗಿಡಮೂಲಿಕೆಯ ನೀರಿನಲ್ಲಿ ನೆನೆಸುವುದು, ಹಗುರವಾದ ಮಾಲೀಸು, ಬ್ಯಾಂಡೇಜು ಸುತ್ತುವುದು, ಉಸಿರಾಟದೊಂದಿಗೆ ವ್ಯಾಯಾಮ. ಇವುಗಳನ್ನು ಕಲಿತು ರೋಗಿ ಮನೆಯಲ್ಲೇ ದಿನವೂ ಮಾಡಬೇಕು. ಅಂದರೆ ವಿದ್ವಾಂಸರ ಲೇಖನ ಕೊನೆಗೆ ಬಂದು ನಿಲ್ಲುವುದು ಮನೆಯ ಬಚ್ಚಲಿಗೆ. ಮನೆಯವರ ಕಾಲನ್ನು ನೋಡಿಕೊಳ್ಳುವ ಹೆಣ್ಣು ಅನೇಕ ಸಲ ತನ್ನ ಕಾಲನ್ನು ಮಾತ್ರ ಮರೆತಿರುತ್ತಾಳೆ. ಊತವನ್ನು ನಾಚಿಕೆಯಿಂದ ಬಟ್ಟೆಯೊಳಗೆ ಮುಚ್ಚಿಡುತ್ತಾಳೆ. ತಡವಾದಷ್ಟೂ ಚರ್ಮ ದಪ್ಪವಾಗುತ್ತದೆ, ಗುಣ ಕಷ್ಟವಾಗುತ್ತದೆ.

ಆದ್ದರಿಂದ ಸಹೋದರಿಯರೇ, ರಾತ್ರಿ ಮಲಗುವ ಮುಂಚೆ ಬೆರಳ ಸಂದಿಗಳನ್ನು ಒಮ್ಮೆ ಬಿಡಿಸಿ ನೋಡಿ. ವುಝೂ ಮಾಡುವಾಗ ಬೆರಳ ನಡುವೆ ನೀರು ಹಾಯಿಸುತ್ತೀರಿ. ನಂತರ ಒಣ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ. ಇಂಬಳ ಕಚ್ಚಿದ ಜಾಗವನ್ನು ಕೆರೆಯಬೇಡಿ, ಸೋಪಿನಿಂದ ತೊಳೆಯಿರಿ. ಗಾಯಕ್ಕೆ ಸುಣ್ಣ, ಹೊಗೆಸೊಪ್ಪು ಬೇಡ. ತೋಟದಿಂದ ಬಂದವರ ಗಂಬೂಟು ರಾತ್ರಿ ಒಣಗಲಿ. ಬಿರುಕು ವಾರದಲ್ಲಿ ಮಾಯದಿದ್ದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರು ಅಷ್ಟು ದಿನವೂ ಕಾಯಬಾರದು. ಕಾಲು ಕೆಂಪಾಗಿ, ಬಿಸಿಯೇರಿ, ಚಳಿಜ್ವರ ಬಂದರೆ ಮಾಲೀಸು ಮಾಡದೆ ಅಂದೇ ಆಸ್ಪತ್ರೆಗೆ ಹೋಗಿ.

ಊದಿದ ಕಾಲನ್ನು ಮುಚ್ಚಿಟ್ಟುಕೊಂಡವರು ನಿಮ್ಮ ನೆರೆಹೊರೆಯಲ್ಲೂ ಇರಬಹುದು. ಅದು ಶಾಪವಲ್ಲ, ಆರೈಕೆಗೆ ಬಗ್ಗುವ ಕಾಯಿಲೆ ಎಂದು ಅವರಿಗೆ ತಿಳಿಸಿ. ಮೊದಲ ಸಲ ವೈದ್ಯರಲ್ಲಿಗೆ ಹೋಗುವಾಗ ಜೊತೆಗೆ ಹೋಗಿ.