ಕುಣಿಯಲಾರದವರಿಗೆ ಲಾರಿಯೇ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ದಪ್ಪಕ್ಷರದಲ್ಲಿ ಬರೆಸಿ ನಮ್ಮ ಜಿಲ್ಲೆಯ ಗ್ಯಾರೇಜುಗಳ ಬಾಗಿಲಿಗೆ ತೂಗುಹಾಕಬೇಕೆಂದು ನನಗೆ ಹಲವು ಸಲ ಅನ್ನಿಸಿದೆ. ಇಪ್ಪತ್ತು ವರ್ಷದ ಲಾರಿಯೊಂದು ಘಟ್ಟದ ನಡುವೆ ನಿಂತುಹೋಗಿ, ಎಷ್ಟು ಸೆಲ್ಫ್ ಹೊಡೆದರೂ ಚಾಲೂ ಆಗದಿದ್ದರೆ ಮೊದಲು ಕೇಳಿಬರುವ ಮಾತು, "ಹಳೇ ಗಾಡಿ ಸಾರ್, ಇನ್ನೇನಾಗುತ್ತೆ" ಎಂಬುದು. ಎರಡನೆಯ ಮಾತು, "ಇದೊಂದು ಬದಲಾಯಿಸಿ ನೋಡೋಣ" ಎಂಬುದು. ಮೊದಲನೆಯದು ರೋಗನಿದಾನವಲ್ಲ, ನಿದಾನ ಮಾಡಲಾರದವನ ಶರಣಾಗತಿ. ಎರಡನೆಯದು ಚಿಕಿತ್ಸೆಯಲ್ಲ, ಇನ್ನೊಬ್ಬರ ಹಣದಲ್ಲಿ ಆಡುವ ಜೂಜು. ಈ ಎರಡು ಮಾತುಗಳ ವಿರುದ್ಧವೇ ಇಂದಿನ ನನ್ನ ತಕರಾರು.

ಮುಪ್ಪು ಎಂಬುದು ಕಾರಣವೇ ಅಲ್ಲ. ಬೆಳಿಗ್ಗೆ ಸರಿಯಾಗಿ ಓಡಿದ ಎಂಜಿನ್ ಮಧ್ಯಾಹ್ನ ನಿಂತಿತೆಂದರೆ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಅದಕ್ಕೆ ಮುಪ್ಪು ಬಂದಿರಲಾರದು. ಬೆಳಿಗ್ಗೆ ದೊರೆಯುತ್ತಿದ್ದ ಯಾವುದೋ ಒಂದು ವಸ್ತು ಮಧ್ಯಾಹ್ನ ದೊರೆಯದೆ ಹೋಗಿದೆ. ಅದು ಯಾವುದು ಎಂಬುದೊಂದೇ ಪ್ರಶ್ನೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಎಂಜಿನ್‌ನ ತತ್ವ ಇಂದಿಗೂ ಬದಲಾಗಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿಗೆ ಸಕಾಲದಲ್ಲಿ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ತಕ್ಕಷ್ಟು ವೇಗದ ತಿರುಗುವಿಕೆ, ಗಾಳಿ ಮತ್ತು ಅದರ ಒತ್ತಡ, ಸಕಾಲಕ್ಕೆ ಶುದ್ಧ ಡೀಸೆಲ್: ಈ ಮೂರಿದ್ದರೆ ಹಳೆಯ ಲಾರಿ ಓಡಲೇಬೇಕು. ಓಡದಿದ್ದರೆ ಮೂರರಲ್ಲೊಂದು ಇಲ್ಲ.

ಹಳೆಯ ಲಾರಿಯಷ್ಟು ಪ್ರಾಮಾಣಿಕ ಯಂತ್ರ ಮತ್ತೊಂದಿಲ್ಲ. ಟಾಟಾದವರು ಡೈಮ್ಲರ್-ಬೆಂಜ್ ಸಹಯೋಗದಲ್ಲಿ 1954ರಿಂದ ಲಾರಿ ತಯಾರಿಸತೊಡಗಿದರು. ನಮ್ಮ ತೋಟಗಳಿಗೆಲ್ಲ ಪರಿಚಿತವಾದ 407 ಬಂದದ್ದು 1986ರಲ್ಲಿ. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಡೀಸೆಲ್ ಪಂಪು ನಮ್ಮ ನಾಡಿನ ಅಸಂಖ್ಯ ಲಾರಿಗಳ ಹೃದಯವಾಗಿತ್ತು. ಅದರಲ್ಲಿ ಕಂಪ್ಯೂಟರಿಲ್ಲ, ಗುಪ್ತಲಿಪಿಯಿಲ್ಲ. ಟ್ಯಾಂಕಿನಿಂದ ನಾಜಲಿನವರೆಗೆ ಡೀಸೆಲ್ ಸಾಗುವ ದಾರಿಯನ್ನು ಕಣ್ಣಿನಿಂದ ಹಿಂಬಾಲಿಸಬಹುದು, ಕೈಯಿಂದ ಮುಟ್ಟಬಹುದು. ಇಷ್ಟು ತೆರೆದ ಪುಸ್ತಕವನ್ನೂ ಓದಲಾರದವನು "ಪುಸ್ತಕ ಹಳೆಯದು" ಎಂದು ದೂರುವುದು ಯಾವ ನ್ಯಾಯ?

ಇದು ಬರಿಯ ಹಣದ ಮಾತೂ ಅಲ್ಲ. ಕೊಡಗಿನಿಂದ ಹೊರಗೆ ಹೋಗುವ ದಾರಿಗಳನ್ನು ನೆನೆಯಿರಿ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಟ್ಟ, ವಿರಾಜಪೇಟೆಯಿಂದ ಮಾಕುಟ್ಟದ ಮೂಲಕ ಕೇರಳಕ್ಕೆ ಹೋಗುವ ರಸ್ತೆ. ಒಂದು ಪಕ್ಕ ಬರೆ, ಇನ್ನೊಂದು ಪಕ್ಕ ಪ್ರಪಾತ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡುಗಳ ಸುತ್ತ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದಾಗ, ಆ ಒಂದು ದಾರಿ ನಮಗೆ ಎಷ್ಟು ಮುಖ್ಯವೆಂಬುದು ಎಲ್ಲರಿಗೂ ಅರಿವಾಯಿತು. ಅಂಥ ರಸ್ತೆಯ ತಿರುವಿನಲ್ಲಿ ಮಂಜು ಕವಿದ ರಾತ್ರಿ ಭಾರದ ಲಾರಿಯೊಂದು ನಿಂತರೆ ಏನಾಗುತ್ತದೆ? ಎಂಜಿನ್ ನಿಂತೊಡನೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಉಳಿದ ಗಾಳಿ ಕೆಲವೇ ಸಲದ ಬ್ರೇಕಿಗೆ ಸಾಕು. ಇದನ್ನರಿಯದೆ, ಇಳಿಜಾರಿನಲ್ಲಿ ಉರುಳಿಸಿ ಚಾಲೂ ಮಾಡುತ್ತೇನೆಂದು ಹೊರಡುವುದು ಸಾವಿನೊಡನೆ ಸರಸವಾಡಿದಂತೆ. ಲಾರಿ ಕೊನೆಗೂ ಹೊರಟುಹೋದ ಮೇಲೆ, ಚಕ್ರಕ್ಕೆ ಕೊಟ್ಟ ದಪ್ಪ ಕಲ್ಲು ರಸ್ತೆಯ ಮೇಲೆಯೇ ಉಳಿದಿರುತ್ತದೆ. ಹಿಂದೆ ಬರುವ ಬೈಕಿನ ಹುಡುಗನ ಮನೆಯವರಿಗೆ ಯಾರು ಉತ್ತರ ಹೇಳುತ್ತಾರೆ?

ನನ್ನ ಹತ್ತಿರದ ಬಂಧುವೊಬ್ಬರ ಲಾರಿಯ ಕಥೆಯನ್ನು ಇಲ್ಲಿ ಹೇಳಬೇಕು. ಒಂದು ಮಳೆಗಾಲದಲ್ಲಿ ಆ ಲಾರಿ ಸುಳ್ಯದ ಕಡೆಯಿಂದ ಭಾರ ಹೊತ್ತು ಘಟ್ಟ ಹತ್ತುವಾಗ ಉಸಿರು ಕಟ್ಟಿದಂತೆ ಎಳೆದು ಎಳೆದು ನಿಂತಿತು. ಬಂದ ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ಇದೆಯೇ ಎಂದು ನೋಡಿದ, ಫಿಲ್ಟರ್ ಬದಲಿಸಿದ, ಏರ್ ತೆಗೆದ. ಲಾರಿ ಚಾಲೂ ಆಯಿತು. "ಫಿಲ್ಟರ್ ಹೋಗಿತ್ತು" ಎಂದ. ವಾರದೊಳಗೆ ಮತ್ತೆ ನಿಂತಿತು. ಇನ್ನೊಬ್ಬ ಬಂದು ಹಾಗೆಯೇ ಮುಚ್ಚಳ ತೆಗೆದು ನೋಡಿ, ಫೀಡ್ ಪಂಪ್ ಬದಲಿಸಿದ. ಚಾಲೂ ಆಯಿತು. ಮೂರನೆಯ ಸಲ ನಿಂತಾಗ ದೊಡ್ಡ ಪಂಪನ್ನೇ ಬಿಚ್ಚಿ ಪೇಟೆಗೆ ಕಳಿಸಿದರು. ಲಾರಿಯ ಒಂದು ತಿಂಗಳ ದುಡಿಮೆ ಅಲ್ಲಿಗೆ ಹೋಯಿತು. ನಾಲ್ಕನೆಯ ಸಲ ದಾರಿಯಲ್ಲಿ ಸಿಕ್ಕ ಹಿರಿಯ ಚಾಲಕನೊಬ್ಬ ಸ್ಪ್ಯಾನರನ್ನು ಮುಟ್ಟಲೇ ಇಲ್ಲ. "ಪ್ರತಿ ಸಲ ಚಾಲೂ ಆಗುವ ಮುಂಚೆ ಎಲ್ಲರೂ ತಪ್ಪದೆ ಮಾಡಿದ ಕೆಲಸ ಯಾವುದು?" ಎಂದು ಕೇಳಿ, ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು. ಮಳೆನೀರು ಇಳಿಯದಿರಲೆಂದು ಕ್ಲೀನರ್ ಹುಡುಗ ಮುಚ್ಚಳದಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದ. ಡೀಸೆಲ್ ಖಾಲಿಯಾದಷ್ಟೂ ಒಳಗೆ ಹೋಗಬೇಕಾದ ಗಾಳಿಗೆ ದಾರಿಯಿಲ್ಲ. ಟ್ಯಾಂಕಿನೊಳಗಿನ ಒತ್ತಡ ಇಳಿಯುತ್ತ ಇಳಿಯುತ್ತ ಪಂಪಿಗೆ ಎಳೆಯಲಾಗದ ಸ್ಥಿತಿ ಬಂದಿತ್ತು.

ಇಲ್ಲಿ ಸೋತದ್ದು ಕೈಕಸುಬಲ್ಲ, ತರ್ಕ. ಲಾರಿಯನ್ನು ಮೂರು ಸಲವೂ ಗುಣಪಡಿಸಿದ್ದು ಹೊಸ ಸಾಮಾನಲ್ಲ, ತೆರೆದ ಮುಚ್ಚಳ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟು ಹಾಕಿದರು. ಗಾಡಿ ಚಾಲೂ ಆಯಿತೆಂಬುದು ಕಾರಣ ಸಿಕ್ಕಿತೆಂಬುದಕ್ಕೆ ಸಾಕ್ಷಿಯಲ್ಲ. ಯಾಕೆ ನಿಂತಿತು, ಯಾಕೆ ಹೊರಟಿತು ಎಂಬ ಎರಡಕ್ಕೂ ಒಂದೇ ಉತ್ತರ ಹೊಂದಿಕೊಂಡಾಗ ಮಾತ್ರ ಕಾರಣ ಸಿಕ್ಕಿತೆಂದು ತಿಳಿಯಬೇಕು.

ಹಾಗಾದರೆ ಕ್ರಮ ಯಾವುದು? ಮೊದಲು ಚಾಲಕನನ್ನು ಮಾತನಾಡಿಸಬೇಕು. ಕೀಲಿ ತಿರುಗಿಸಿದಂತೆ ಥಟ್ಟನೆ ನಿಂತಿತೇ? ಎಂಜಿನ್ ನಿಲ್ಲಿಸುವ ಕೇಬಲನ್ನೋ ಸೊಲೆನಾಯ್ಡನ್ನೋ ಅದರ ವೈರನ್ನೋ ಮೊದಲು ಸಂಶಯಿಸಿ. ಎಳೆದಾಡಿ ನಿಂತಿತೇ? ಡೀಸೆಲ್ ಸಾಲದು, ಅಥವಾ ಗಾಳಿ ಸೇರಿದೆ. ಸದ್ದು ಮಾಡಿ ನಿಂತಿತೇ? ಸೆಲ್ಫ್ ಮುಟ್ಟಬೇಡಿ. ಕಾದಾಗ ನಿಂತು ತಣಿದ ಮೇಲೆ ಹೊರಡುತ್ತದೆಯೇ? ಸವೆದ ಪಂಪಿನಲ್ಲಿ ಕಾದು ತೆಳುವಾದ ಡೀಸೆಲ್ ಒಳಗೊಳಗೇ ಸೋರುತ್ತಿರಬಹುದು, ಸೊಲೆನಾಯ್ಡಿನ ಸುರುಳಿ ಕಾದಾಗ ಕೈಕೊಡುತ್ತಿರಬಹುದು; ಅಥವಾ ಟ್ಯಾಂಕಿನ ಕಸ ಪೈಪಿನ ಬಾಯಿಗೆ ಅಂಟಿ, ನಿಂತ ಮೇಲೆ ಕಳಚಿ ಬೀಳುತ್ತಿರಬಹುದು.

ಎರಡನೆಯದಾಗಿ, ಸೆಲ್ಫ್ ತಿರುಗುತ್ತದೆಯೇ ನೋಡಬೇಕು. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದಾಗ ಬೆಳಕು ಪೂರ್ತಿ ಸೊರಗಿದರೆ ಬ್ಯಾಟರಿಯನ್ನೂ ಅದರ ತುದಿಗಳನ್ನೂ ಅರ್ತಿಂಗ್ ಪಟ್ಟಿಯನ್ನೂ ನೋಡಿ. ತಿರುಗುತ್ತಿದ್ದರೆ, ಮೂರನೆಯದಾಗಿ ಹೊಗೆಯನ್ನು ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪಿಲ್ಲ. ಬಿಳಿ ಹೊಗೆ ಬಂದರೆ ತಲುಪಿದೆ, ಹೊತ್ತಿಕೊಳ್ಳುತ್ತಿಲ್ಲ. ಈ ಒಂದು ನೋಟದಿಂದಲೇ ಅರ್ಧ ಎಂಜಿನ್ ಸಂಶಯದಿಂದ ಮುಕ್ತವಾಗುತ್ತದೆ.

ಡೀಸೆಲ್ ತಲುಪಿಲ್ಲವೆಂದಾದರೆ ದಾರಿಯನ್ನು ಮಧ್ಯದಲ್ಲಿ ಕತ್ತರಿಸಿ. ಶುದ್ಧ ಡೀಸೆಲ್ ತುಂಬಿದ ಕ್ಯಾನೊಂದನ್ನು ಎತ್ತರದಲ್ಲಿಟ್ಟು, ಅದರಿಂದ ನೇರವಾಗಿ ಫೀಡ್ ಪಂಪಿಗೆ ಪೈಪು ಕೊಟ್ಟು, ಏರ್ ತೆಗೆದು ಚಾಲೂ ಮಾಡಿ. ಓಡಿದರೆ ದೋಷ ಟ್ಯಾಂಕಿಗೂ ಪಂಪಿಗೂ ನಡುವೆ ಇದೆ, ಓಡದಿದ್ದರೆ ಅದರಿಂದಾಚೆಗೆ. ಒಂದು ಸಾಮಾನನ್ನೂ ಕೊಳ್ಳದೆ ಸಂಶಯದ ಕ್ಷೇತ್ರವನ್ನು ಅರ್ಧಕ್ಕಿಳಿಸುವ ಈ ಉಪಾಯವನ್ನು ಬಿಟ್ಟು, ಹತ್ತಾರು ಸಾವಿರದ ಪಂಪನ್ನು ಮೊದಲು ಬಿಚ್ಚುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇನ್ನೊಂದು ಸೂಕ್ಷ್ಮ. "ಎಲ್ಲೂ ಸೋರುತ್ತಿಲ್ಲ, ಪೈಪು ಚೆನ್ನಾಗಿದೆ" ಎನ್ನುವವರುಂಟು. ಎಳನೀರಿನ ಸ್ಟ್ರಾದಲ್ಲಿ ತೂತಿದ್ದರೆ ನೀರು ಹೊರಗೆ ಚೆಲ್ಲುವುದಿಲ್ಲ. ಬಾಯಿಗೆ ಗಾಳಿ ಬರುತ್ತದೆ. ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಪೈಪೂ ಹಾಗೆಯೇ. ಅಲ್ಲಿ ವಾಷರ್ ಸಡಿಲವಾದರೆ ಡೀಸೆಲ್ ತೊಟ್ಟಿಕ್ಕದೆ ಗಾಳಿ ಒಳನುಗ್ಗುತ್ತದೆ. ಒದ್ದೆಯನ್ನು ಹುಡುಕುವವನಿಗೆ ಅದು ಎಂದಿಗೂ ಸಿಗದು. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದಾಗ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಅಲ್ಲಿದೆ ಸಾಕ್ಷಿ.

ನಮ್ಮ ಊರಿನ ವಿಶೇಷವನ್ನೂ ಮರೆಯಬಾರದು. ಕಾಫಿ ಕೊಯ್ಲಿನಲ್ಲಿ ಬಿಡುವಿಲ್ಲದೆ ಓಡುವ ಲಾರಿ ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಡನೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ. ಟ್ಯಾಂಕಿನ ಖಾಲಿ ಭಾಗದ ತೇವದ ಗಾಳಿ ತಣಿದು ನೀರಾಗುತ್ತದೆ. ನೀರು ಡೀಸೆಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಅವೆರಡೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ಮಳೆ ಬಿಟ್ಟು ಮೊದಲ ಲೋಡು ಹೊತ್ತು ಕುಲುಕಾಡಿದಾಗ ಇದೆಲ್ಲ ಪೈಪಿಗೆ ಬರುತ್ತದೆ. ಆಗ ಕೆಲವರು ಬಂಕಿನವನ ಮೇಲೆ ಕಲಬೆರಕೆಯ ಆರೋಪ ಹೊರಿಸುತ್ತಾರೆ. ತಳದ ಡೀಸೆಲನ್ನು ಗಾಜಿನ ಬಾಟಲಿಗೆ ಇಳಿಸಿ ಸ್ವಲ್ಪ ಹೊತ್ತು ಇಟ್ಟು ನೋಡಿದರೆ ನೀರಿನ ಪದರ ಬೇರೆಯಾಗಿ ಕಾಣುತ್ತದೆ. ಆರೋಪಕ್ಕಿಂತ ಬಾಟಲಿ ಅಗ್ಗ.

"ಹೊಸ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿದರೆ ಎಲ್ಲವೂ ತಿಳಿಯುತ್ತದೆ" ಎಂದು ತರುಣರು ವಾದಿಸಬಹುದು. ಭಾರತ್ ಸ್ಟೇಜ್ ನಾಲ್ಕು 2017ರಲ್ಲಿ ದೇಶಾದ್ಯಂತ ಬಂತು, ಆರು 2020ರಲ್ಲಿ. ಎಲೆಕ್ಟ್ರಾನಿಕ್ಸ್ ಅನಿವಾರ್ಯವಾಯಿತು. ಆದರೆ ಸ್ಕ್ಯಾನರ್ ತೋರಿಸುವುದು ದೋಷ ಕಂಡ ಸರ್ಕ್ಯೂಟನ್ನು, ಸತ್ತ ಸಾಮಾನನ್ನಲ್ಲ. ಸೆನ್ಸರಿನ ಹೆಸರು ಪರದೆಯಲ್ಲಿ ಬಂದೊಡನೆ ಸೆನ್ಸರ್ ಬದಲಿಸುವವನು ಇಲಿ ಕಡಿದ ವೈರನ್ನು ನೋಡುವುದೇ ಇಲ್ಲ. ಜೂಜು ಅದೇ, ಪಣ ಮಾತ್ರ ದೊಡ್ಡದು.

ಹಳೆಯದನ್ನೆಲ್ಲ ಉಳಿಸಬೇಕೆಂಬ ಹಠ ನನಗಿಲ್ಲ. ಹದಿನೈದು ವರ್ಷ ದಾಟಿದ ವಾಣಿಜ್ಯ ವಾಹನಗಳ ಅರ್ಹತಾ ಪತ್ರದ ಶುಲ್ಕವನ್ನು ಸರ್ಕಾರ 2022ರ ಏಪ್ರಿಲ್‌ನಿಂದ ಬಹಳವಾಗಿ ಏರಿಸಿತು. ಹೊಗೆಯ, ಸುರಕ್ಷತೆಯ ದೃಷ್ಟಿಯಿಂದ ಅದಕ್ಕೆ ಕಾರಣಗಳಿವೆ. ಚಾಸಿ ತುಕ್ಕು ತಿಂದ, ಬ್ರೇಕು ನಂಬಲಾಗದ ಲಾರಿಯನ್ನು ಗುಜರಿಗೆ ಕಳಿಸುವುದೇ ಧರ್ಮ. ಆದರೆ ಆ ತೀರ್ಪು ಪರೀಕ್ಷೆಯ ನಂತರ ಬರಬೇಕೇ ಹೊರತು ಪರೀಕ್ಷೆಗೆ ಬದಲಾಗಿ ಅಲ್ಲ.

ತಪ್ಪೆಲ್ಲ ಮೆಕ್ಯಾನಿಕ್‌ನದೆಂದೂ ನಾನು ಹೇಳಲಾರೆ. ಹತ್ತು ನಿಮಿಷದಲ್ಲಿ ಸಡಿಲ ವಾಷರನ್ನು ಪತ್ತೆಹಚ್ಚಿದವನಿಗೆ ಮಾಲೀಕರು ಕೊಡುವುದು ಚಹಾದ ಕಾಸು. "ಏನು ಮಹಾ ಮಾಡಿದೆ, ಒಂದು ವಾಷರ್ ತಾನೇ" ಎಂಬ ಕೊಂಕು ಬೇರೆ. ಸಾಮಾನಿನ ಡಬ್ಬಿ ಕಣ್ಣಿಗೆ ಕಂಡರೆ ಮಾತ್ರ ಸಾವಿರಗಳನ್ನು ಎಣಿಸುತ್ತಾರೆ. ಬುದ್ಧಿಗೆ ಬೆಲೆಯಿಲ್ಲದ ಸಂತೆಯಲ್ಲಿ ಅವನು ಡಬ್ಬಿಗಳನ್ನೇ ಮಾರುತ್ತಾನೆ. ವೈದ್ಯನ ಸಲಹೆಗೆ ಶುಲ್ಕ ಕೊಡುವ ನಾವು ಮೆಕ್ಯಾನಿಕ್‌ನ ಯೋಚನೆಗೂ ಶುಲ್ಕ ಕೊಡುವುದನ್ನು ಕಲಿಯಬೇಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ತೋಟ, ಲಾರಿ ಇಟ್ಟುಕೊಂಡವರೂ ಇದ್ದೀರಿ, ಗ್ಯಾರೇಜು ನಡೆಸುವವರೂ ಇದ್ದೀರಿ. ಅಂಕ ಕಡಿಮೆ ಬಂತೆಂದು ಗ್ಯಾರೇಜಿಗೆ ಸೇರಿದವನು ದಡ್ಡನೆಂದು ಭಾವಿಸುವ ಸಮಾಜದ ಮಾತಿಗೆ ನೀವು ತಲೆಬಾಗಬೇಕಾಗಿಲ್ಲ. ಗಾಳಿಯ ಒತ್ತಡದ ಪಾಠ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುತ್ತದೆ; ಟ್ಯಾಂಕಿನ ಮುಚ್ಚಳದಲ್ಲಿ ಅದು ಒಂದು ಸಂಸಾರದ ತಿಂಗಳ ಅನ್ನವಾಗಿ ಬರುತ್ತದೆ. ಲಾರಿ ಇರುವವರು ನಿಮ್ಮ ಮೆಕ್ಯಾನಿಕ್‌ನನ್ನು "ಏನು ಬದಲಾಯಿಸಬೇಕು" ಎಂದು ಕೇಳುವ ಮೊದಲು "ಅದೇ ಎಂದು ಹೇಗೆ ತಿಳಿಯಿತು" ಎಂದು ಕೇಳಿ. ಉತ್ತರ ಸರಿಯಿದ್ದರೆ ಕೇಳಿದಷ್ಟು ಹಣ ಕೊಟ್ಟು ಕೈಮುಗಿಯಿರಿ. ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಿಂದ ಎತ್ತಿಹಾಕಿ.