ಫೀಸು ಕಟ್ಟುವ ಮೊದಲು ಒಮ್ಮೆ ಹೋಗಿ ನೋಡಿ

ಅಡಿಕೆ ತೋಟ ಕೊಳ್ಳುವವರು ಮಳೆಗಾಲದಲ್ಲಿ ಹೋಗಿ ನೋಡುವುದಿಲ್ಲ. ಎಪ್ರಿಲ್ ತಿಂಗಳಲ್ಲಿ ಕೆರೆಯಲ್ಲಿ ಎಷ್ಟು ನೀರುಂಟು ಎಂದು ನೋಡಿಯೇ ಮುಂಗಡ ಕೊಡುತ್ತಾರೆ. ಅದೇ ಮನೆಯವರು ಮಗಳನ್ನು ಎಂ.ಎ.ಗೋ ಎಂ.ಎಸ್ಸಿ.ಗೋ ಸೇರಿಸುವಾಗ ಮಾತ್ರ, ಪಕ್ಕದ ಮನೆಯ ಹುಡುಗ ಹೇಳಿದ ಒಂದು ಮಾತಿನ ಮೇಲೆ ಎರಡು ವರ್ಷವನ್ನು ಬರೆದುಕೊಟ್ಟು ಬಿಡುತ್ತಾರೆ. ಕ್ಯಾಂಪಸ್ಸಿನ ಮುಖ ಕಾಣುವುದು ಫೀಸು ಕಟ್ಟಲು ಹೋದ ದಿನವೇ.

ಕಾಸರಗೋಡಿನ ಕನ್ನಡ ಮಕ್ಕಳಿಗೆ ಪದವಿಯ ನಂತರ ಈಗ ದಾರಿಗಳು ಹಲವು. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜಿನಲ್ಲೇ ಕನ್ನಡ ಎಂ.ಎ. ಇದೆ. ಉತ್ತರಕ್ಕೆ ಹೋದರೆ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದ ಕೊಣಾಜೆಯ ಮಂಗಳಗಂಗೋತ್ರಿ. ದಕ್ಷಿಣಕ್ಕೆ, 2009ರಲ್ಲಿ ಹುಟ್ಟಿದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಪೆರಿಯ ಕ್ಯಾಂಪಸ್. ಎಲ್ಲವೂ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವ ದೂರ. ಆದರೂ "ಕನ್ನಡದವರಿಗೆ ಮಂಗಳೂರೇ ಒಳ್ಳೆಯದು" ಎಂದು ಕೆಲವರು, "ಸೆಂಟ್ರಲ್ ಅಂದ ಮೇಲೆ ಕೇಳುವುದೇನುಂಟು" ಎಂದು ಇನ್ನು ಕೆಲವರು ಜಗಲಿಯಲ್ಲೇ ಕೂತು ತೀರ್ಮಾನಿಸುತ್ತಾರೆ.

ಹೋಗುವುದಾದರೆ ತರಗತಿ ನಡೆಯುವ ಕಾಲದಲ್ಲೇ ಹೋಗಬೇಕು. ಪ್ರವೇಶಾತಿಯ ಗಡಿಬಿಡಿಯಲ್ಲಿ ಹೋದರೆ ಕಾಣುವುದು ಕ್ಯೂ ಮತ್ತು ಕೌಂಟರ್ ಮಾತ್ರ. ಪೆರಿಯಕ್ಕೆ ಬೇಕಾದ ಸಿಯುಇಟಿ ಪರೀಕ್ಷೆ ಮಾರ್ಚ್ ಆಸುಪಾಸಿನಲ್ಲೇ ನಡೆಯುತ್ತದೆ, ಅರ್ಜಿ ಅದಕ್ಕೂ ಮೊದಲು. ಹಾಗಾಗಿ ಪದವಿಯ ಕೊನೆಯ ವರ್ಷದ ಡಿಸೆಂಬರಿನೊಳಗೆ ಒಂದು ಕೆಲಸದ ದಿನ ಹೊಂದಿಸಿಕೊಳ್ಳುವುದು ಲೇಸು.

ಕಟ್ಟಡ ನೋಡಿ ಮರುಳಾಗುವುದು ಬೇಡ. ಎರಡನೇ ವರ್ಷದಲ್ಲಿ ಓದುತ್ತಿರುವವರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೂರಿಸಿ ಕೇಳಿದರೆ ಪ್ರಾಸ್ಪೆಕ್ಟಸ್ ಹೇಳದ್ದೆಲ್ಲ ಹೊರಬರುತ್ತದೆ. ಖಾಯಂ ಅಧ್ಯಾಪಕರು ಎಷ್ಟು ಮಂದಿ? ನಿವೃತ್ತರಾದವರ ಜಾಗ ತುಂಬದೆ ಅತಿಥಿ ಉಪನ್ಯಾಸಕರಿಂದಲೇ ನಡೆಯುವ ವಿಭಾಗಗಳು ಇಂದು ಕರ್ನಾಟಕದಲ್ಲಿ ಅಪರೂಪವಲ್ಲ. ಅತಿಥಿಗಳು ಚೆನ್ನಾಗಿ ಕಲಿಸುವುದಿಲ್ಲ ಎಂದಲ್ಲ, ಮುಂದಿನ ವರ್ಷ ಅವರು ಇರುತ್ತಾರೋ ಇಲ್ಲವೋ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಫಲಿತಾಂಶ ಸಮಯಕ್ಕೆ ಬರುತ್ತದೆಯೇ, ಲೈಬ್ರರಿ ಸಂಜೆ ಎಷ್ಟು ಗಂಟೆಯವರೆಗೆ, ಹಾಸ್ಟೆಲಿನಲ್ಲಿ ಬೇಸಿಗೆಗೆ ನೀರುಂಟೇ, ಕೊನೆಯ ಬಸ್ಸು ಎಷ್ಟಕ್ಕೆ? ಇವನ್ನೆಲ್ಲ ಸಂಕೋಚವಿಲ್ಲದೆ ಕೇಳಬೇಕು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದ್ದು ಯಾರೂ ಮರೆತಿಲ್ಲ. ದಿನಾ ಹೋಗಿ ಬರುತ್ತೇನೆ ಎನ್ನುವವರು ಹಾಸ್ಟೆಲಿನ ವಿಚಾರವನ್ನೂ ತಿಳಿದಿಟ್ಟುಕೊಂಡರೆ ನಷ್ಟವೇನಿಲ್ಲ.

ಗಡಿನಾಡಿನವರಿಗೆ ಇನ್ನೊಂದು ತಾಪತ್ರಯ ಕಾಗದಪತ್ರದ್ದು. ಒಂದು ರಾಜ್ಯದ ಜಾತಿ ಪ್ರಮಾಣಪತ್ರ ಇನ್ನೊಂದು ರಾಜ್ಯದ ಮೀಸಲಾತಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹಿಂದುಳಿದ ವರ್ಗದವರು ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ತರಬೇಕು. ಕರ್ನಾಟಕದ ಎಂ.ಎ. ಹಿಡಿದು ಕೇರಳದಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಸಮಾನತೆಯ ಪ್ರಮಾಣಪತ್ರ ಬೇಕೇ ಎಂಬುದನ್ನೂ ಮೊದಲೇ ವಿಚಾರಿಸಬೇಕು. ಫೋನಿನಲ್ಲಿ ಇದಕ್ಕೆ ಒಬ್ಬರು ಹೌದು ಎಂದರೆ ಇನ್ನೊಬ್ಬರು ಇಲ್ಲ ಎನ್ನುತ್ತಾರೆ. ಮೇಜಿನ ಮುಂದೆ ನಿಂತರೆ ಫೈಲು ತೆಗೆದು ನೋಡುತ್ತಾರೆ. ಒರಿಜಿನಲ್ ಸರ್ಟಿಫಿಕೇಟು ಇರಿಸಿಕೊಳ್ಳುತ್ತೇವೆ ಎಂದರೆ ಒಪ್ಪಬೇಕಾಗಿಲ್ಲ, ಯುಜಿಸಿ 2018ರಲ್ಲೇ ಅದನ್ನು ನಿಷೇಧಿಸಿದೆ.

ಬೀಡಿ ಕಟ್ಟುವ ಮನೆಗೆ, ತೋಟದ ಕೂಲಿಗೆ ಹೋಗುವ ಮನೆಗೆ ಒಂದು ದಿನದ ಸಂಬಳ ಬಿಟ್ಟು ಹೋಗುವುದು ಸುಲಭವಲ್ಲ, ನಿಜ. ಆದರೆ ಅಪ್ಪ ಅಮ್ಮ ಹೋಗಲೇಬೇಕೆಂದಿಲ್ಲ. ಇಬ್ಬರು ಗೆಳತಿಯರು ಸೇರಿ ತೊಕ್ಕೊಟ್ಟಿನಲ್ಲಿ ಇಳಿದು ಕೊಣಾಜೆ ಬಸ್ಸು ಹತ್ತಿದರೆ ಆಯಿತು. ಹಾಗೆ ನೋಡಿದರೆ ಇದೇ ವಾಸಿ. ಅಪ್ಪ, ಮಾವ, ದೊಡ್ಡಪ್ಪ ಎಂದು ಜೀಪು ತುಂಬ ಹೋದರೆ ಹೆಣ್ಣು ನೋಡುವ ಶಾಸ್ತ್ರವಾದೀತು, ಓದಬೇಕಾದವಳು ಮೂಲೆಯಲ್ಲಿ ನಿಂತಿರುತ್ತಾಳೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಪೆರಿಯದ ಇಂಗ್ಲಿಷ್ ತರಗತಿಯ ಹೆದರಿಕೆ ಇದ್ದೇ ಇದೆ. ಅನುಮತಿ ಕೇಳಿ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕೂತರೆ, ಹೆದರಿಕೆ ಸುಳ್ಳೋ ನಿಜವೋ ಅವರಿಗೇ ಗೊತ್ತಾಗುತ್ತದೆ.

ವಿಶ್ವವಿದ್ಯಾಲಯಗಳೂ ಸ್ವಲ್ಪ ಮನಸ್ಸು ಮಾಡಬೇಕು. ಡಿಸೆಂಬರಿನಲ್ಲಿ ಒಂದು ದಿನ ಗೊತ್ತುಮಾಡಿ, ಗಡಿನಾಡಿನ ಪದವಿ ಕಾಲೇಜುಗಳಿಗೆ ಪತ್ರ ಬರೆದು ಮಕ್ಕಳನ್ನು ಕರೆಯಲಿ. ಅದಕ್ಕೆ ಅನುದಾನ ಬೇಕಿಲ್ಲ, ಕನ್ನಡದಲ್ಲಿ ಉತ್ತರ ಹೇಳಬಲ್ಲ ಒಬ್ಬ ಅಧ್ಯಾಪಕರು, ಕ್ಯಾಂಪಸ್ ಸುತ್ತಿಸಲು ಇಬ್ಬರು ವಿದ್ಯಾರ್ಥಿಗಳು ಸಾಕು.